‘ಬರ್ತಾನ್ರಿ’ ಅಂದವರ ಲೆಕ್ಕ

ಸಮ್ಮೇಳನದಲ್ಲಿ ವರದಿ ಮಂಡಿಸಲು ವಿದ್ಯೆಗಿಂತ ಮೊದಲು ಕೋಟು ಬೇಕು. ನನ್ನ ಹತ್ತಿರ ಎರಡೂ ಅಷ್ಟಕ್ಕಷ್ಟೇ. ಕೋಟನ್ನು ಗಣಿತದ ಮಾಸ್ತರರಿಂದ ಕಡ ತಂದೆ. ಅವರದು ದೊಡ್ಡ ಮೈ; ಕೋಟಿನೊಳಗೆ ನಾನು ಹೊಕ್ಕ ಮೇಲೂ ಇನ್ನೊಬ್ಬ ಉಪನ್ಯಾಸಕರಿಗೆ ಜಾಗ ಉಳಿದಿತ್ತು.

ಏಕೀಕರಣವಾಗಿ, ನಾವು ಮುಂಬಯಿ ರಾಜ್ಯದವರು ಮೈಸೂರಿನವರಾದ ಹೊಸದು. ಹೊಸ ರಾಜ್ಯದ ಕಾಲೇಜುಗಳ ಸಮ್ಮೇಳನ ಗದಗಿನಲ್ಲಿ, ನಮ್ಮ ಕಾಲೇಜಿನ ಸಭಾಗೃಹದಲ್ಲೇ ಎಂದು ಗೊತ್ತಾಯಿತು. ಪ್ರತಿಯೊಂದು ಕಾಲೇಜೂ ತನ್ನನ್ನು ತಾನೇ ಅಭ್ಯಾಸ ಮಾಡಿ ವರದಿ ಒಪ್ಪಿಸಬೇಕಂತೆ. ‘ಅಭ್ಯಾಸ ಮಾಡ್ರಲೇ’ ಎಂದು ಹುಡುಗರನ್ನು ಗದರಿಸುತ್ತಿದ್ದ ನಮಗೇ ಈ ಗತಿ ಬಂತು. ನಮ್ಮ ಪಾಲಿಗೆ ಬಂದ ಪ್ರಶ್ನೆ: ಮೊದಲ ವರ್ಷ ಸೇರಿದ ಹುಡುಗರು ಎರಡನೇ ವರ್ಷಕ್ಕೆ ಎಲ್ಲಿ ಮಾಯವಾಗುತ್ತಾರೆ?

ಉತ್ತರ ಊರಿಗೆಲ್ಲ ಗೊತ್ತಿತ್ತು. ಹಿಂದೆ ಹಳ್ಳಿಯ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಂಡು ಓದುತ್ತಿದ್ದರು. ರೇಶನ್ನಿನ ಕಾಲದಲ್ಲಿ ನಿಂತ ಆ ವಾರಾನ್ನ ಮತ್ತೆ ಶುರುವಾಗಲಿಲ್ಲ. ಹೊಟ್ಟೆಗಿಲ್ಲದವನು ಗಂಟುಮೂಟೆ ಕಟ್ಟುತ್ತಿದ್ದ. ಬಡ ಹುಡುಗರಿಗೊಂದು ಪುಕ್ಕಟೆ ಬೋರ್ಡಿಂಗ್ ಕೊಡಿರೆಂದು ಸಮ್ಮೇಳನ ಸರಕಾರಕ್ಕೆ ಹೇಳಿದರೆ ನಮ್ಮ ವರದಿ ಸಾರ್ಥಕ ಎಂದುಕೊಂಡು ನಾನು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಬಸ್ಸು ಹತ್ತಿ ಇಳಿದು, ಕಾಲೇಜು ಬಿಟ್ಟವರ ಮನೆ ಮನೆಗೆ ಹೋದೆ.

ಈಗ ನೋಡಿ, ನಮ್ಮ ಜನ ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ಮಗ ಕಾಲೇಜು ಬಿಟ್ಟು ಹೋದನೇ ಎಂದು ಕೇಳಿದರೆ ‘ಹೋದ’ ಎನ್ನಲು ಯಾವ ತಾಯಿಗೂ ನಾಲಗೆ ಏಳುವುದಿಲ್ಲ. ಆ ಮಾತು ಸತ್ತವರಿಗೆ ಮೀಸಲು. ಎಲ್ಲ ಮನೆಗಳಲ್ಲೂ ಒಂದೇ ಉತ್ತರ: “ಬರ್ತಾನ್ರಿ.” ವ್ಯಾಕರಣದಲ್ಲಿ ಅದು ವರ್ತಮಾನಕಾಲ, ವ್ಯವಹಾರದಲ್ಲಿ ಭವಿಷ್ಯತ್ಕಾಲ. ನಮ್ಮ ಕಡೆ ಬರೀ ಹಾರೈಕೆ.

ಅಸುಂಡಿಯ ನೀಲವ್ವನೂ ಹಾಗೇ ಅಂದಳು. ಆಕೆಯ ಮಗ ಫಕೀರಪ್ಪ ನನ್ನ ತರಗತಿಯ ಜಾಣ. ಓದು ಬಿಟ್ಟು ಹತ್ತಿಯ ಬೀಜ ಬಿಡಿಸುವ ಜಿನ್ನಿನ ಕಾರಖಾನೆಯಲ್ಲಿ ದುಡಿಯುತ್ತಿದ್ದ, ಅರಳೆಯ ಧೂಳಿಗೆ ಕೆಮ್ಮು ಹತ್ತಿಸಿಕೊಂಡಿದ್ದ. ನಾನು ಬೋರ್ಡಿಂಗಿನ ಸುದ್ದಿ ತೆಗೆದದ್ದೇ ಆಕೆ ಹತ್ತಿರ ಬಂದು ಕೂತಳು.

“ಎರಡ ಹೊತ್ತು ರೊಟ್ಟಿ ಹಾಕ್ತಾರಂದ್ರ ನಾಳೇನ ಜಿನ್ನ ಬಿಡಸ್ತೀನ್ರಿ. ಆ ಧೂಳದಾಗ ಅಂವ ಉಳಿಯಂಗಿಲ್ಲ. ಸಭಾದಾಗ ಸ್ವಲ್ಪ ಜೋರ ಮಾಡಿ ಹೇಳ್ರೀ ಸರ.”

ಜೋರಾಗಿ ಹೇಳಿದರೆ ಸರಕಾರಕ್ಕೆ ಕೇಳಿಸುತ್ತದೆಂದು ಆಕೆ ನಂಬಿದ್ದಳು. ಎಂ.ಎ. ಓದಿದ ನಾನೂ ನಂಬಿದ್ದೆ.

ನಮ್ಮ ಪ್ರಿನ್ಸಿಪಾಲರು ಪರದೇಶದಲ್ಲಿ ಸಂಶೋಧನೆ ಕಲಿತು ಬಂದವರು. ‘ಬರ್ತಾನ್ರಿ’ ಅಂದವರ ಮಕ್ಕಳನ್ನೆಲ್ಲ ‘ಮರಳಿ ಬರುವವರು’ ಎಂಬ ಲೆಕ್ಕಕ್ಕೆ ಹಾಕಿಬಿಟ್ಟರು. ಅದು ಮರ್ಯಾದೆಯ ಮಾತು, ಖರೆ ಅಲ್ಲ ಎಂದು ನಾನು ಗೋಗರೆದೆ.

“ಸಂಶೋಧನಾದಾಗ ಮರ್ಯಾದಿಗೆ ಕಾಲಮ್ ಇಲ್ರಿ,” ಎಂದರು ಅವರು. “ಬಾಯಾಗ ಏನ ಬಂತೋ ಅದನ್ನ ಬರೀಬೇಕು.”

ಸಮ್ಮೇಳನದ ದಿನ ಕೋಟಿನ ತೋಳೊಳಗಿಂದ ಬೆರಳು ಹುಡುಕಿ ಹೊರತೆಗೆದು ವರದಿ ಓದಿದೆ. ಬೋರ್ಡಿಂಗಿನ ಮಾತು ಬಂದಾಗ ನೀಲವ್ವ ಹೇಳಿದಂತೆ ದನಿ ಏರಿಸಿದೆ. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೊಬ್ಬರು ಬೆಚ್ಚಿ ಎದ್ದರು. ಬೆಂಗಳೂರಿನ ಕಡೆಯ ಅಧ್ಯಕ್ಷರು ನಗುತ್ತ ಕೇಳಿದರು: “ಬಹಳ ಸಂತೋಷದ ವರದಿ. ಹುಡುಗರೆಲ್ಲ ತಾವಾಗಿಯೇ ಬರ್ತಾರೆ ಅಂದಮೇಲೆ ಬೋರ್ಡಿಂಗ್ ಯಾತಕ್ಕೆ ಸ್ವಾಮಿ?”

ನನಗೆ ತಡೆಯಲಿಲ್ಲ. ನಮ್ಮ ಜನ ‘ಬರ್ತಾನೆ’ ಅಂದರೆ ಬರುತ್ತಾನೆ ಎಂದರ್ಥವಲ್ಲ ಎಂದು ವಿವರಿಸಲು ಹೊರಟೆ. ಸಭೆ ಗೊಳ್ಳೆಂದು ನಕ್ಕಿತು. “ಒಳ್ಳೇ ಭಾಷಾವಿಚಾರ. ನಾಳೆ ಸಾಹಿತ್ಯಗೋಷ್ಠಿಯಲ್ಲಿ ಹೇಳಿ,” ಎಂದು ಅಧ್ಯಕ್ಷರು ಗಂಟೆ ಬಾರಿಸಿದರು. ಬೋರ್ಡಿಂಗಿನ ವಿಷಯ ಅಲ್ಲಿಗೆ ಮುಗಿಯಿತು. ಊಟಕ್ಕೆ ಗೋಧಿ ಹುಗ್ಗಿ ಇತ್ತು. ಸಿಟ್ಟು ಬಂದರೆ ನನಗೆ ಹಸಿವು ಹೆಚ್ಚು. ಎರಡು ಸಲ ಹಾಕಿಸಿಕೊಂಡು ಉಂಡೆ. ಉಂಡ ಮೇಲೆ ನಾಚಿಕೆಯಾಯಿತು.

ಮುಂದಿನ ರವಿವಾರ ಅಸುಂಡಿಗೆ ಹೋದೆ. ಹೋಗದೆ ತಪ್ಪಿಸಿಕೊಳ್ಳಬಹುದಿತ್ತು, ಆದರೆ ಆಕೆ ದಾರಿ ಕಾಯುತ್ತಾಳೆಂದು ಗೊತ್ತಿತ್ತು. ನೀಲವ್ವ ನೀರು, ಬೆಲ್ಲ ತಂದಿಟ್ಟಳು.

“ಏನಂದ್ರೀ ಸರ?”

“ಈ ವರ್ಷ ಆಗಲಿಲ್ಲ ನೀಲವ್ವಾ. ಮುಂದ ನೋಡೂಣು ಅಂದಾರ.”

‘ಮುಂದ ನೋಡೂಣು’ ಎಂದು ಯಾರೂ ಅಂದಿರಲಿಲ್ಲ. ಅದು ನನ್ನ ಮರ್ಯಾದೆಯ ಮಾತು. ಜಿನ್ನಿಗೆ ರಜೆಯಿದ್ದ ಫಕೀರಪ್ಪ ಒಳಗೆ ಕೆಮ್ಮುತ್ತಿದ್ದ. ಆಕೆ ಆ ಕಡೆ ನೋಡಿದಳು. ಕೂತಿರಲು ಸಂಕಟವಾಗಿ ನಾನು ಎದ್ದು, “ಬರ್ತೀನವಾ,” ಎಂದೆ.

ಜಗಳಕ್ಕೆ ಬಂದವನು ಹೊರಟರೂ ‘ಹೋಗಿ ಬರ್ರಿ’ ಅನ್ನುವ ಜನ ನಮ್ಮವರು. ನೀಲವ್ವ ತಂಬಿಗೆ ಎತ್ತಿಕೊಂಡು, ಸಿಟ್ಟೂ ಇಲ್ಲದೆ ಸೆಡವೂ ಇಲ್ಲದೆ, “ಹೋಗ್ರಿ,” ಎಂದಳು.

ನಾನು ತಿರುಗಿದ ಅಷ್ಟೂ ಮನೆಗಳಲ್ಲಿ, ಬಾಯಿಂದ ಬಂದದ್ದನ್ನು ಹಾಗೆಯೇ ಬರೆದುಕೊಳ್ಳಬಹುದಾದ ಉತ್ತರ ಅದೊಂದೇ.