ಹರ್ಷಿತಾಳ ಹಾಜರಿ

2022ರ ಮೇ ತಿಂಗಳ ನಡುವಿನಲ್ಲಿ ಶಾಲೆಗಳು ತೆರೆದಾಗ ನಾನು ಚನ್ನರಾಯಪಟ್ಟಣ ತಾಲ್ಲೂಕಿನಿಂದ ವರ್ಗವಾಗಿ, ಅರಕಲಗೂಡು ತಾಲ್ಲೂಕು ಮಲ್ಲಿಪಟ್ಟಣ ಹೋಬಳಿಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಸಹಶಿಕ್ಷಕನಾಗಿ ಬಂದೆ. ಇಬ್ಬರೇ ಶಿಕ್ಷಕರು. ಒಂದರಿಂದ ಮೂರನೆಯ ತರಗತಿಯನ್ನು ಮುಖ್ಯ ಶಿಕ್ಷಕಿ ಲಲಿತಮ್ಮ ಮೇಡಂ ನೋಡುತ್ತಿದ್ದರು. ನಾಲ್ಕು ಮತ್ತು ಐದನೆಯ ತರಗತಿ ಒಂದೇ ಕೊಠಡಿಯಲ್ಲಿ ನನ್ನ ಪಾಲಿಗೆ ಬಂದವು. ಒಟ್ಟು ಹದಿನೇಳು ಮಕ್ಕಳು. ಹಾಜರಿ ಪುಸ್ತಕದಲ್ಲಿದ್ದದ್ದರಿಂದ ಈ ಸಂಖ್ಯೆಯ ಬಗ್ಗೆ ನನಗೆ ಧೈರ್ಯವಿದೆ. ಮುಂದೆ ಬರೆಯುವುದರಲ್ಲಿ ಎಷ್ಟೋ ಸಂಗತಿಗಳ ಬಗ್ಗೆ ಅಷ್ಟು ಧೈರ್ಯವಿಲ್ಲ.

ನಾಲ್ಕನೆಯ ತರಗತಿಯ ಮಕ್ಕಳು ಕೋವಿಡ್ ಬಂದಾಗ ಒಂದನೆಯ ತರಗತಿಯಲ್ಲಿದ್ದವರು. ಎರಡನೆಯ ತರಗತಿಯನ್ನು ಅವರು ನೋಡಿಯೇ ಇರಲಿಲ್ಲ. ಆ ವರ್ಷ ಸರ್ಕಾರ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮ ತಂದಿತ್ತು. ಪಾಠ ಶುರುಮಾಡುವ ಮೊದಲು ಪ್ರತಿ ಮಗುವಿನ ಮಾತು, ಓದು, ಬರಹ ಯಾವ ಹಂತದಲ್ಲಿದೆ ಎಂದು ಪರೀಕ್ಷಿಸಿ ನಮೂನೆಯಲ್ಲಿ ತುಂಬಿಸಬೇಕು. ಮೊದಲ ಎರಡು ವಾರ ನಮಗೆ ಅದೇ ಕೆಲಸ.

ಮೊದಲ ದಿನ ನನ್ನನ್ನು ಸ್ವಾಗತಿಸಿದವಳು ನಾಲ್ಕನೆಯ ತರಗತಿಯ ಹರ್ಷಿತಾ. ಎರಡು ಜಡೆ ಹಾಕಿದ್ದ ಕೋಲುಮುಖದ ಹುಡುಗಿ. ನಾನು ಕುರ್ಚಿ ಎಳೆದುಕೊಂಡ ಕೂಡಲೇ ಎದ್ದು ನಿಂತಳು.

"ಅದ್ರಲ್ಲಿ ಕೂತ್ಕಬ್ಯಾಡಿ ಸಾ, ಒಂದ್ ಕಾಲು ಅಳ್ಳಾಡ್ತದೆ. ನಿಮ್ಗಿಂತ ಇಂದೆ ಇದ್ದ ಮೇಷ್ಟ್ರು ಬಿದ್ಬುಟ್ಟಿದ್ರು. ನಾವು ನಗಾಡ್ನಿಲ್ಲ, ಬಾಯ್ ಮುಚ್ಕಂಡಿದ್ವಿ."

ಚಾಕ್‌ಪೀಸ್ ಎಲ್ಲಿದೆ, ಬೋರ್‌ವೆಲ್ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಐದನೆಯ ತರಗತಿಯ ಪುನೀತ ಯಾರ್ಯಾರ ರಬ್ಬರ್ ಕದ್ದಿದ್ದಾನೆ ಎಂಬುದನ್ನೆಲ್ಲ ಮಧ್ಯಾಹ್ನದ ಊಟದ ಹೊತ್ತಿಗೆ ಅವಳಿಂದಲೇ ತಿಳಿದೆ. ಈ ತರಗತಿಗೆ ಇವಳೊಬ್ಬಳಿದ್ದರೆ ಸಾಕು, ಉಳಿದವರ ಬಾಯನ್ನೂ ಬಿಡಿಸುತ್ತಾಳೆ ಎಂದುಕೊಂಡೆ.

ಎರಡನೆಯ ದಿನ ಮಾತಿನ ಪರೀಕ್ಷೆ. ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಹೆಸರು, ಅಪ್ಪ ಅಮ್ಮನ ಹೆಸರು, ಇಷ್ಟದ ತಿಂಡಿ ಹೇಳಬೇಕು. ಹರ್ಷಿತಾಳ ಸರದಿ ಬಂತು.

"ನನ್ನೆಸ್ರು ಅರ್ಸಿತ ಸಾ. ನಮ್ಮವ್ವನೆಸ್ರು ಅಂಬಿಕ..."

"ಅರ್ಸಿತ ಅಲ್ಲ, ಹರ್ಷಿತಾ. ನಿನ್ನ ಹೆಸರು ನಿನಗೇ ಹೇಳೋಕೆ ಬರಲ್ವಾ?" ಎಂದೆ.

ನಮ್ಮ ಕಡೆ ಮಾತಿನಲ್ಲಿ ಪದದ ಮೊದಲಿನ ಹಕಾರ ಬಿದ್ದುಹೋಗುತ್ತದೆ. ಹಾಲು ಆಲಾಗುತ್ತದೆ, ಹಾಸನ ಆಸನವಾಗುತ್ತದೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡುವಾಗ ಇದರ ಮೇಲೆಯೇ ನಾನು ಸೆಮಿನಾರ್ ಪ್ರಬಂಧ ಮಂಡಿಸಿದ್ದೆ. ಹಳಗನ್ನಡದ ಪಾಲು ಹಾಲಾಯಿತು, ಹಾಲು ಆಲಾಯಿತು, ಒಂದು ಬದಲಾವಣೆಯನ್ನು ವ್ಯಾಕರಣವೆಂದೂ ಇನ್ನೊಂದನ್ನು ತಪ್ಪೆಂದೂ ಕರೆಯಲು ಆಧಾರವಿಲ್ಲ ಎಂದು ವಾದಿಸಿದ್ದೆ. ಪ್ರಾಧ್ಯಾಪಕರು ಮೆಚ್ಚಿದ್ದರು. ಅದೇ ವರ್ಷ ಹಾಸ್ಟೆಲಿನಲ್ಲಿ ನನ್ನ "ಓಗ್ಬತ್ತೀನಿ"ಯನ್ನು ಗೆಳೆಯರು ಆಡಿಕೊಂಡದ್ದರಿಂದ, ನಾನು ಬೆಳಿಗ್ಗೆ ಬಚ್ಚಲಲ್ಲಿ ಹಕಾರ ಅಭ್ಯಾಸ ಮಾಡಿ ಆ ಮಾತನ್ನು ಬಿಟ್ಟಿದ್ದೂ ನಿಜ. ಹರ್ಷಿತಾ ಎದುರಿಗೆ ನಿಂತಿದ್ದಾಗ ಪ್ರಬಂಧ ನೆನಪಿಗೆ ಬರಲಿಲ್ಲ.

"ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ ಹೇಳು. ಹ... ಹರ್ಷಿತಾ."

"ಅರ್ಸಿತ."

"ಇನ್ನೊಂದು ಸಲ."

ಅವಳು ಎದೆ ತುಂಬ ಉಸಿರು ಎಳೆದುಕೊಂಡಳು. "ಹ... ಹರ್ಸಿತ."

"ಶಭಾಷ್. ಈಗ ಅಮ್ಮನ ಹೆಸರು?"

ಅವಳು ಮತ್ತೆ ಅಷ್ಟೇ ಜೋರಾಗಿ ಉಸಿರು ಎಳೆದುಕೊಂಡು, ಹುಷಾರಾಗಿ, "ಹಂಬಿಕ" ಎಂದಳು.

ಕೊಠಡಿ ಹಾರಿಹೋಗುವ ಹಾಗೆ ನಗು ಎದ್ದಿತು. "ಅವ್ರವ್ವ ಹಂಬಿಕ ಅಂತೆ ಕಣ್ಲಾ!" ಎಂದು ಪುನೀತ ಬೆಂಚು ಬಡಿದ. ಹಿಂದಿನಿಂದ ಯಾರೋ, "ಇವತ್ತು ಊಟಕ್ಕೆ ಹನ್ನ ಸಾರು ಕಣ್ರಲಾ!" ಎಂದರು. ನಗುತ್ತಿದ್ದವರಲ್ಲಿ ಒಬ್ಬರಿಗೂ ಹಕಾರ ನೆಟ್ಟಗೆ ಬರುತ್ತಿರಲಿಲ್ಲ.

ನಾನು ಆಗ ಏನು ಮಾಡಿದೆ? ಬೋರ್ಡಿನ ಕಡೆ ತಿರುಗಿ ಏನನ್ನೋ ಬರೆದೆ ಎಂದೇ ಬಹಳ ಕಾಲ ನಂಬಿದ್ದೆ. ಎರಡು ವರ್ಷದ ನಂತರ ಒಂದು ಮಧ್ಯಾಹ್ನ ಲಲಿತಮ್ಮ ಮೇಡಂ ಮಾತಿನ ಮಧ್ಯೆ, "ನಂಗೆ ಪಕ್ಕದ ರೂಮಿಗೆ ಕೇಳುಸ್ತು ಸಾರ್. ಮಕ್ಕಳ ಜೊತೆ ನೀವೂ ಗಟ್ಟಿಯಾಗಿ ನಕ್ರಿ" ಎಂದರು. ಅವರ ನೆನಪೂ ತಪ್ಪಿರಬಹುದು. ನನ್ನ ದಿನಚರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ "ಮೌಖಿಕ ಪರೀಕ್ಷೆ ಯಶಸ್ವಿಯಾಗಿ ಮುಗಿಯಿತು" ಎಂದಷ್ಟೇ ಇದೆ.

ಮೂರನೆಯ ದಿನ ಹಾಜರಿ ಕೂಗಿದಾಗ ಹರ್ಷಿತಾ ಎದ್ದು ನಿಂತಳು, ಬಾಯಿ ತೆರೆಯಲಿಲ್ಲ. ಪಕ್ಕದಲ್ಲಿದ್ದ ಸಿಂಚನಾ, "ಬಂದವ್ಳೆ ಸಾ" ಎಂದಳು. ನಾಲ್ಕನೆಯ ದಿನವೂ ಹಾಗೆಯೇ ಆಯಿತು. ಒಂದು ವಾರದಲ್ಲಿ ಅದೇ ಪದ್ಧತಿಯಾಯಿತು. ಆಟದ ಬಯಲಿನಲ್ಲಿ ಹುಡುಗರು ಅವಳನ್ನು "ಲೇ ಹಂಬಿಕ" ಎಂದು ಕರೆಯುತ್ತಿದ್ದರು. ಗದರಿಸಿದೆ. ನನ್ನ ಎದುರಿಗೆ ಹಾಗೆ ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ.

ಬರಹದ ಪರೀಕ್ಷೆಯಲ್ಲಿ ಉಕ್ತಲೇಖನ ಕೊಟ್ಟೆ. ಹಕ್ಕಿ, ಅಕ್ಕಿ, ಹಗ್ಗ, ಅಗಸೆ. ತರಗತಿಯಲ್ಲಿ ಒಂದೂ ತಪ್ಪಿಲ್ಲದೆ ಬರೆದವಳು ಹರ್ಷಿತಾ. ಅಕ್ಷರ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ತಿದ್ದಿದ್ದು ನಾಲಿಗೆಯನ್ನು, ಅದಕ್ಕೆ ಕಾಯಿಲೆಯೇ ಇರಲಿಲ್ಲ. ಆದರೆ ನಮೂನೆ ತುಂಬುವ ಕಡೆಯ ದಿನ ಬಂದಿತ್ತು. ಬರಹದಲ್ಲಿ ಅತ್ಯುತ್ತಮ ಹಂತ, ಮಾತಿನಲ್ಲಿ ಅತಿ ಕೆಳಗಿನ ಹಂತ ಎಂದು ಗುರುತು ಹಾಕಿದೆ. ಮತ್ತೆ ಕೇಳಿದಾಗ ಅವಳು ಮಾತಾಡಿರಲಿಲ್ಲವಾದ್ದರಿಂದ ನಿಯಮದ ಪ್ರಕಾರ ಅದು ಸರಿಯೇ ಆಗಿತ್ತು.

ಸರಿಮಾಡಲು ನಾನು ಒಂದು ದಾರಿ ಹಿಡಿದೆ. ಒಂದು ಬೆಳಿಗ್ಗೆ ತರಗತಿಗೆ ಬಂದು ನಮ್ಮೂರಿನ ಮಾತಿನಲ್ಲೇ, "ನಮ್ಮವ್ವನೂ ಓಗು, ಆಲು, ಅಸು ಅಂತ್ಲೇ ಅನ್ನದು ಕಣ್ರಪ್ಪ. ಅದ್ರಲ್ಲಿ ತಪ್ಪೇನೂ ಇಲ್ಲ, ಎಲ್ರೂ ಅಂಗೇ ಮಾತಾಡಿ" ಎಂದೆ. ಮಕ್ಕಳು ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹರ್ಷಿತಾ ಸ್ಲೇಟಿನ ಕಟ್ಟು ನೋಡುತ್ತ ಕೂತಿದ್ದಳು. ಬಿಡುವಿನಲ್ಲಿ ಕಿಟಕಿಯಾಚೆ ಪುನೀತನ ಮಾತು ಕೇಳಿಸಿತು.

"ಸಾರು ನಮ್ಮನ್ನ ಅಣಕುಸ್ತಾರೆ ಕಣ್ಲಾ. ಟೀವೀಲಿ ಕಾಮಿಡಿ ಮಾಡ್ತಾರಲ್ಲ, ಅಂಗೆ."

ಅವನ ತಪ್ಪಲ್ಲ. ಇಪ್ಪತ್ತು ವರ್ಷ ಬಿಟ್ಟಿದ್ದ ಮಾತು ನನ್ನ ಬಾಯಲ್ಲಿ ವೇಷ ಹಾಕಿಕೊಂಡ ಹಾಗೆಯೇ ಕೇಳಿಸಿರಬೇಕು.

ಜುಲೈನಲ್ಲಿ ತಾಲ್ಲೂಕಿನಿಂದ ಕರೆ ಬಂತು. ನಾನು ಕಳಿಸಿದ ನಮೂನೆಯಲ್ಲಿ ಮಾತಿನ ಹಂತ ಅಷ್ಟು ಕೆಳಗಿದ್ದುದರಿಂದ, ವಿಶೇಷ ಅಗತ್ಯವುಳ್ಳ ಮಕ್ಕಳ ತಪಾಸಣಾ ಶಿಬಿರದ ಪಟ್ಟಿಯಲ್ಲಿ ಹರ್ಷಿತಾಳ ಹೆಸರು ಸೇರಿತ್ತು. ಅವಳ ತಾಯಿ ಅಂಬಿಕಾ ಶುಂಠಿ ಹೊಲದಲ್ಲಿ ಕಳೆ ಕೀಳುವ ಕೆಲಸ ಬಿಟ್ಟು ಬಂದರು. ಮೂವರೂ ಬಸ್ಸಿನಲ್ಲಿ ಅರಕಲಗೂಡಿಗೆ ಹೋದೆವು. ದಾರಿಯುದ್ದಕ್ಕೂ ತಾಯಿ ಒಂದೇ ಸಮನೆ ಹೇಳುತ್ತಿದ್ದರು.

"ನಮ್ ನಾಲ್ಗೇನೆ ಅಂಗೆ ಸಾ. ಏನ್ಮಾಡನ? ನೀವು ತಿದ್ದಿ. ಮಾತು ಕೇಳ್ನಿಲ್ಲ ಅಂದ್ರೆ ಎರಡೇಟು ಆಕಿ, ನಾನೇನೂ ಅನ್ನಕಿಲ್ಲ."

ಶಿಬಿರದಲ್ಲಿ ಹಾಸನದಿಂದ ಬಂದಿದ್ದ ಸ್ಪೀಚ್ ಥೆರಪಿಸ್ಟ್ ಒಬ್ಬರಿದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಿವಿ, ಗಂಟಲು, ನಾಲಿಗೆ ನೋಡಿದರು. ಚಿತ್ರ ತೋರಿಸಿ ಕೇಳಿದರು. ಹರ್ಷಿತಾ ಬೆರಳಿಟ್ಟು ತೋರಿಸಿದಳು, ಮಾತಾಡಲಿಲ್ಲ.

"ಮನೇಲಿ?" ಎಂದು ಅವರು ತಾಯಿಯನ್ನು ಕೇಳಿದರು.

"ಮನೇಲಿ ಬಾಯ್ ಮುಚ್ಚಕಿಲ್ಲ ಮೇಡಂ. ಕೋಳಿ ಜೊತ್ಗೂ ಮಾತಾಡ್ತಾಳೆ. ಸ್ಕೂಲು ಅಂದ್ರೆ ಮಾತ್ರ ಇಂಗೆ, ಈಗ ಎರಡು ತಿಂಗ್ಳಿಂದ."

ಥೆರಪಿಸ್ಟ್ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಸರ್, ಶಾಲೆಯಲ್ಲಿ ಏನಾದ್ರೂ ಆಯ್ತಾ? ಯಾರಾದ್ರೂ ಗದರಿದ್ದು, ಆಡಿಕೊಂಡಿದ್ದು? ಹಾಗೇನಾದ್ರೂ ಇದ್ರೆ ನಾವು ಮಾಡಬೇಕಾದ್ದೇ ಬೇರೆ. ಮಗು ಎದುರಿಗೇ ಅದನ್ನ ಒಪ್ಪಿಕೊಂಡು ಅಲ್ಲಿಂದ ಶುರು ಮಾಡಬೇಕು."

ನಕ್ಕೆನೋ ಇಲ್ಲವೋ ಎಂಬುದು ನನಗೆ ಗೊತ್ತಿಲ್ಲ ಎಂದೆನಲ್ಲ. ಈಗ ಬರೆಯುವ ಮಾತಿನ ಬಗ್ಗೆ ಮಾತ್ರ ಯಾವ ಸಂದೇಹವೂ ಇಲ್ಲ.

"ಇಲ್ಲ ಮೇಡಂ. ಹಾಗೇನೂ ಆಗಿಲ್ಲ. ಹೊಸ ಮೇಷ್ಟ್ರಲ್ವಾ, ಸಂಕೋಚ ಅಷ್ಟೇ" ಎಂದೆ.

"ಮೇಷ್ಟ್ರು ಬಾಳ ಒಳ್ಳೇವ್ರು ಮೇಡಂ. ಅವ್ರೇ ಕರ್ಕಂಡ್ ಬಂದವ್ರೆ" ಎಂದರು ಅಂಬಿಕಾ.

ಹರ್ಷಿತಾ ತಲೆಯೆತ್ತಿ ನನ್ನನ್ನು ನೋಡಿದಳು. ಮಾತಿನ ಪರೀಕ್ಷೆಯ ದಿನದ ನಂತರ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು. ಸಿಟ್ಟಿರಲಿಲ್ಲ. ಲೆಕ್ಕದ ಉತ್ತರ ಸರಿಯೋ ತಪ್ಪೋ ಎಂದು ನೋಡುವ ಹಾಗೆ ನೋಡಿದಳು. ಆಮೇಲೆ ತಾಯಿಯ ಸೆರಗು ಹಿಡಿದು ಬಾಗಿಲ ಕಡೆ ತಿರುಗಿದಳು.

"ಸಂಕೋಚವಿರಬಹುದು, ಗಮನಿಸಿ" ಎಂದು ಥೆರಪಿಸ್ಟ್ ಬರೆದುಕೊಟ್ಟು, ತಿಂಗಳು ಬಿಟ್ಟು ಹಾಸನಕ್ಕೆ ಕರೆತನ್ನಿ ಎಂದರು. ತಿಂಗಳು ಬಿಟ್ಟಾಗ ಹೊಗೆಸೊಪ್ಪು ಕೀಳುವ ಕೆಲಸ ಬಿರುಸಾಗಿತ್ತು. ಅಂಬಿಕಾ ಬರಲಾಗಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಹೋದರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ ಎಂಬ ಹೆದರಿಕೆಯಿಂದ ಸುಮ್ಮನಾದೆನೆ? ಅಲ್ಲ ಎಂದು ಹೇಳಲು ನನ್ನ ಬಳಿ ಪುರಾವೆಯಿಲ್ಲ.

ನಾಲ್ಕು ಮತ್ತು ಐದು, ಎರಡು ವರ್ಷ ಅವಳು ನನ್ನ ತರಗತಿಯಲ್ಲಿದ್ದಳು. ಲೆಕ್ಕ, ಬರಹ ಎರಡರಲ್ಲೂ ಎಲ್ಲರಿಗಿಂತ ಮುಂದು. ಎರಡು ವರ್ಷವೂ ಸಿಂಚನಾಳೇ ಅವಳ ಹಾಜರಿ ಹೇಳಿದಳು. ಸಿಂಚನಾ ರಜೆ ಹಾಕಿದ ದಿನ ನಾನೇ ನೋಡಿ ಗುರುತು ಹಾಕುತ್ತಿದ್ದೆ. ಒಮ್ಮೆ ಹರ್ಷಿತಾಳನ್ನು ಪಕ್ಕಕ್ಕೆ ಕರೆದು, "ತಪ್ಪು ನಂದು ಕಣಮ್ಮ" ಎಂದ ನೆನಪು ನನಗಿದೆ. ಆದರೆ ಆ ನೆನಪಿನಲ್ಲಿ ಹರ್ಷಿತಾಳ ಮುಖವಿಲ್ಲ, ಎಲ್ಲಿ ನಿಂತಿದ್ದೆವೆಂಬುದೂ ಇಲ್ಲ. ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡದ್ದನ್ನೇ ಹೇಳಿದೆನೆಂದು ತಿಳಿದಿರುವ ಸಾಧ್ಯತೆ ಹೆಚ್ಚು.

ಈಗ ಹೊಳೆನರಸೀಪುರದ ಕಡೆ ಒಂದು ಶಾಲೆಯಲ್ಲಿದ್ದೇನೆ. ಜೂನ್ ಬಂದರೆ ಮತ್ತೆ ಹೊಸ ತರಗತಿ, ಮತ್ತೆ ನಮೂನೆ. ಮೊದಲ ತಿಂಗಳು ಮಾತಿನ ಕಾಲಂ ಖಾಲಿ ಬಿಡುತ್ತೇನೆ. ಮೇಲಿನವರು ಕೇಳಿದರೆ ಇನ್ನೂ ಪರೀಕ್ಷೆ ಮುಗಿದಿಲ್ಲ ಎನ್ನುತ್ತೇನೆ. ಮಗು ತನ್ನ ಹೆಸರನ್ನು ಹೇಗೆ ಹೇಳುತ್ತದೋ ಹಾಗೆಯೇ ಕೇಳಿಸಿಕೊಳ್ಳುತ್ತೇನೆ. ಹೊಸ ತರಗತಿಯ ಮೊದಲ ವಾರದಲ್ಲಿ ಮೇಷ್ಟ್ರು ಮಾಡಿದ್ದನ್ನು ಆಮೇಲೆ ವರ್ಷವಿಡೀ ಕೂತರೂ ಅಳಿಸಲಾಗುವುದಿಲ್ಲ ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಇದರಿಂದ ಹೊಳೆನರಸೀಪುರದ ಮಕ್ಕಳಿಗೆ ಉಪಯೋಗವಾಗುತ್ತಿರಬಹುದು. ಹರ್ಷಿತಾಳಿಗೆ ಏನೂ ಉಪಯೋಗವಾಗಲಿಲ್ಲ.

ಅವಳು ಈಗ ಏಳನೆಯ ತರಗತಿ. ಮಲ್ಲಿಪಟ್ಟಣದ ಕಡೆಯ ಅವಳ ಈಗಿನ ಮೇಷ್ಟ್ರು ನನ್ನ ಜೊತೆ ತರಬೇತಿಯಲ್ಲಿದ್ದವರು. ಮೊನ್ನೆ ಧೈರ್ಯ ಮಾಡಿ ಫೋನ್ ಮಾಡಿ ಅವಳ ವಿಚಾರ ಕೇಳಿದೆ.

"ಬರವಣಿಗೇಲಿ ನಂಬರ್ ಒನ್ ಸಾರ್. ಆದ್ರೆ ಓರಲ್‌ಗೆ ನಾವು ಅವಳನ್ನ ಎಬ್ಬಿಸಲ್ಲ. ಪಾಪ, ಹುಟ್ಟಿನಿಂದ್ಲೇ ಮಾತಿನ ತೊಂದರೆ ಅಂತಲ್ಲ? ನಿಮ್ ಹಳೇ ಸ್ಕೂಲಿಂದ್ಲೇ, ಮಾತಲ್ಲಿ ಕಡೇ ಹಂತ ಅಂತ ಬರೆದು ಬಂದದೆ."

"ಹುಟ್ಟಿನಿಂದ ಅಲ್ಲ ಸಾರ್" ಎಂದೆ. "ನನ್ನಿಂದ ಆದದ್ದು. ತರಗತಿಯಲ್ಲಿ ಎಲ್ಲರೆದುರು ಅವಳ ಹೆಸರು ತಿದ್ದಿದೆ. ಆಮೇಲೆ ಬಾಯಿ ಬಿಡಲಿಲ್ಲ."

ಅವರು ಜೋರಾಗಿ ನಕ್ಕರು.

"ಒಂದ್ ಹೆಸ್ರು ತಿದ್ದಿದ್ಕೆ ಯಾರಾದ್ರೂ ಮೂಗರಾಗ್ತಾರಾ? ಬಿಡಿ ಸಾರ್, ನೀವೊಬ್ರು" ಎಂದು ಹೇಳಿ, ಬೆಲ್ ಹೊಡೆಯಿತೆಂದು ಫೋನ್ ಇಟ್ಟರು.