ವೀರಾಚಾರಿಯ ಸೈಕಲ್ ಗಾಡಿ

೧೯೩೭ರ ಬೇಸಿಗೆ. ಆಗ ನಾನು ಹೆಗ್ಗಡದೇವನಕೋಟೆಯಲ್ಲಿ ಮೈಸೂರು ಸರ್ಕಾರದ ವೆಟರಿನರಿ ಇನ್ಸ್‌ಪೆಕ್ಟರ್. ಜನರ ಬಾಯಲ್ಲಿ ದನದ ಡಾಕ್ಟ್ರು. ಮದರಾಸಿನಲ್ಲಿ ಮೂರು ವರ್ಷ ಓದಿ, ಕೃಷ್ಣರಾಜನಗರದಲ್ಲಿ ಎರಡು ವರ್ಷ ಕೆಲಸ ಮಾಡಿ, ಇಲ್ಲಿಗೆ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ವಯಸ್ಸು ಇಪ್ಪತ್ತೇಳು. ಆ ವಯಸ್ಸಿನಲ್ಲಿ ನನಗೆ ವಿದ್ಯೆಗಿಂತ ಹೊಟ್ಟೆಕಿಚ್ಚೇ ಹೆಚ್ಚಿತ್ತು ಎಂದು ಹೇಳಿಕೊಳ್ಳಲು ಈಗ ಸಂಕೋಚವಿಲ್ಲ. ಪೆನ್ಷನ್ ಬಂದ ಮೇಲೆ ಮನುಷ್ಯನಿಗೆ ಅಷ್ಟಾದರೂ ಸ್ವಾತಂತ್ರ್ಯ ಬೇಡವೆ?

ಹೊಟ್ಟೆಕಿಚ್ಚು ಪಡುವುದಕ್ಕೆ ಸರೀಕರು ಬೇಕು ಎನ್ನುತ್ತಾರೆ. ನನಗೆ ಅದೂ ಬೇಕಾಗಲಿಲ್ಲ. ನನ್ನ ಕಿಚ್ಚೆಲ್ಲ ನನ್ನದೇ ಕಾಂಪೌಂಡರ್ ವೀರಾಚಾರಿಯ ಮೇಲೆ. ಔಷಧ ಬೆರೆಸುವುದು, ಸಿರಿಂಜು ಕುದಿಸುವುದು, ದನ ಹಿಡಿದುಕೊಳ್ಳುವುದು, ನಾನು ಗೀಚಿದ ವರದಿಗಳನ್ನು ಅಂದವಾಗಿ ನಕಲು ಮಾಡುವುದು ಅವನ ಕೆಲಸ. ಪಿರಿಯಾಪಟ್ಟಣದ ಕಡೆಯ ಬಡಗಿಗಳ ಮನೆತನ, ನಲವತ್ತು ದಾಟಿದ ವಯಸ್ಸು, ಮಿತವಾದ ಮಾತು. ಹಳ್ಳಿಯವರು ಆಸ್ಪತ್ರೆಯ ಬಾಗಿಲಿಗೆ ಬಂದರೆ ನನಗೆ ಕೈಮುಗಿದು, ನನ್ನ ಹೆಗಲಾಚೆ ಇಣುಕುತ್ತಿದ್ದರು.

“ಆಚಾರ್ರು ಇಲ್ವಾ ಬುದ್ಧಿ?”

“ಯಾಕೆ, ಏನಾಗಬೇಕಿತ್ತು?”

“ಏನಿಲ್ಲ ಬುದ್ಧಿ. ಅವ್ರು ಬರ್ಲಿ ಬುಡಿ, ಕಾಯ್ತೀವಿ.”

ಇದನ್ನು ದಿನಕ್ಕೆ ನಾಲ್ಕು ಸಲ ಕೇಳಿಸಿಕೊಂಡರೆ ಯಾವ ಡಿಪ್ಲೊಮಾ ತಾನೇ ಸಮಾಧಾನ ಕೊಟ್ಟೀತು? ಗೋಡೆಗೆ ನೇತುಹಾಕಿದ್ದ ನನ್ನದನ್ನು ನಾನೊಬ್ಬನೇ ಓದುತ್ತಿದ್ದೆ.

ಆ ವರ್ಷ ಯುಗಾದಿ ಕಳೆಯುತ್ತಲೇ ತಾಲ್ಲೂಕಿಗೆ ದೊಡ್ಡರೋಗ ಬಿತ್ತು. ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್. ಕಣ್ಣು ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ ವಾರದೊಳಗೆ ದನ ಮಲಗಿಬಿಡುತ್ತಿತ್ತು. ಒಂದು ಕೊಟ್ಟಿಗೆಗೆ ಹೊಕ್ಕರೆ ಊರಿಗೇ ಹೊಕ್ಕಂತೆ. ನಮ್ಮ ಕೈಯಲ್ಲಿದ್ದ ಆಯುಧ ಒಂದೇ, ಬೆಂಗಳೂರಿನಿಂದ ಬರುತ್ತಿದ್ದ ಸೀರಂ. ಇನ್ನೂ ರೋಗ ಕಾಣದ ದನಕ್ಕೆ ಚರ್ಮದಡಿ ಚುಚ್ಚಿದರೆ ಹತ್ತು ಹನ್ನೆರಡು ದಿನ ಕಾಪಾಡುತ್ತಿತ್ತು. ಆದರೆ ದನದ ಡೋಸು ಮನುಷ್ಯರ ಡೋಸಿನಂತಲ್ಲ. ಒಂದು ಪೌಂಡಿನ ಸೀಸೆ ಎಂಟು ಹತ್ತು ರಾಸಿಗೆ ಮುಗಿದುಹೋಗುತ್ತಿತ್ತು. ಇನ್ನೂರು ರಾಸಿನ ಊರಿಗೆ ಇಪ್ಪತ್ತನಾಲ್ಕು ಸೀಸೆ, ಅದರ ಮೇಲೆ ಸಿರಿಂಜು, ಸ್ಟವ್ವು, ಕುದಿಸುವ ಪಾತ್ರೆ. ಇವನ್ನೆಲ್ಲ ಸೈಕಲ್ಲಿನ ಕ್ಯಾರಿಯರ್ ಹೊರಲಾರದು.

ಎತ್ತಿನಗಾಡಿಯಲ್ಲಿ ಹೋಗಬಹುದಿತ್ತಲ್ಲ ಎಂದರೆ, ಅದೇ ಆಗದ ಮಾತು. ದೊಡ್ಡರೋಗ ಬಿದ್ದ ಕೂಡಲೇ ಹಳ್ಳಿಗಳು ಎಲ್ಲೆಗೆ ಬೇವಿನ ತೋರಣ ಕಟ್ಟಿ, ಹೊರಗಿನ ಎತ್ತು ಒಳಗೆ ಕಾಲಿಡದಂತೆ, ಒಳಗಿನದು ಹೊರಗೆ ಹೋಗದಂತೆ ಕಾವಲು ಕೂರುತ್ತಿದ್ದವು. ಎತ್ತಿನ ಗೊರಸಿನ ಜೊತೆ ಮಾರಿ ಬರುತ್ತಾಳೆ ಎಂದು ಅವರ ನಂಬಿಕೆ. ನಮ್ಮ ಪುಸ್ತಕವೂ ಬೇರೆ ಮಾತಿನಲ್ಲಿ ಅದನ್ನೇ ಹೇಳುತ್ತಿತ್ತು. ಹೀಗಾಗಿ ಔಷಧ ಆಸ್ಪತ್ರೆಯಲ್ಲಿ, ದನ ಹಳ್ಳಿಯಲ್ಲಿ, ನಡುವೆ ಹತ್ತಾರು ಮೈಲಿ.

ವೀರಾಚಾರಿ ನಾಲ್ಕು ದಿನ ಸಂಜೆ ಏನನ್ನೋ ಕೊರೆಯುತ್ತ, ಉಜ್ಜುತ್ತ ಕೂತಿದ್ದ. ಐದನೆಯ ದಿನ ಇಲಾಖೆಯ ಸೈಕಲ್ಲಿನ ಹಿಂದೆ ಒಂದು ಪುಟ್ಟ ಗಾಡಿ ನಿಂತಿತ್ತು. ಮೂಲೆಗೆ ಬಿದ್ದಿದ್ದ ಹಳೆಯ ಸೈಕಲ್ಲಿನ ಎರಡು ಚಕ್ರ, ಬಿದಿರಿನ ಚೌಕಟ್ಟು, ಹಾಲುವಾಣ ಮರದ ಹಗುರ ಹಲಗೆಯ ಮೂರಡಿ ಪೆಟ್ಟಿಗೆ. ಮುಂದಕ್ಕೆ ಚಾಚಿದ ಮರಕ್ಕೆ, ಅಂದರೆ ಮೂಕಿಗೆ, ಒಂದು ಬಳೆ ಹಾಕಿ ಚರ್ಮದ ಪಟ್ಟಿಯಿಂದ ಸೀಟಿನ ಕೆಳಗಿನ ಕೊಳವೆಗೆ ಬಿಗಿದಿದ್ದ. ಇಡೀ ಗಾಡಿಯನ್ನು ಒಂದೇ ಕೈಯಲ್ಲಿ ಎತ್ತಬಹುದಿತ್ತು. ಅದರಲ್ಲಿ ಸೀಸೆಗಳನ್ನು ಒದ್ದೆ ಹುಲ್ಲಿನಲ್ಲಿ ಹುದುಗಿಸಿ ತುಂಬಿಕೊಂಡು ಅವನು ಎರಡು ಊರಿಗೆ ಹೋಗಿಬಂದ. ಒಂದು ಸೀಸೆಯೂ ಒಡೆಯಲಿಲ್ಲ. ಅವನ ಹಿಂದೆ ಬೇರೆ ಸೈಕಲ್ಲಿನಲ್ಲಿ ಹೋದ ನನ್ನನ್ನು ಯಾರೂ ನೋಡಲಿಲ್ಲ. ಊರಿಗೆ ಊರೇ ಗಾಡಿಯ ಸುತ್ತ ನೆರೆದಿತ್ತು. ಅಮಲ್ದಾರರು ದಾರಿಯಲ್ಲಿ ಕಂಡು, “ನಿಮ್ಮ ಕಾಂಪೌಂಡರು ಭಾರಿ ತಲೆಯವನು ಕಣ್ರೀ” ಎಂದು ನನ್ನ ಬೆನ್ನು ತಟ್ಟಿದರು. ಅವನ ತಲೆಗೆ ನನ್ನ ಬೆನ್ನು! ಅಂದು ಊಟ ಸೇರಲಿಲ್ಲ.

ಹೊರಡುವ ಮುನ್ನ ಅವನು ಮಾಡುತ್ತಿದ್ದ ಒಂದು ಕೆಲಸ ನನ್ನ ಕಣ್ಣು ಕುಕ್ಕುತ್ತಿತ್ತು. ಸಾಮಾನೆಲ್ಲ ತುಂಬಿದ ಮೇಲೆ ಬಗ್ಗಿ, ಎರಡು ಬೆರಳಿನಿಂದ ಮೂಕಿಯನ್ನು ಮುಟ್ಟಿ, ಚೂರು ಎತ್ತಿ, ಕಣ್ಣು ಅರೆಮುಚ್ಚಿ ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದ. ಕಸುಬಿನವರು ಉಳಿ ಸುತ್ತಿಗೆಗೆ ಕೈಮುಗಿಯುತ್ತಾರಲ್ಲ, ಅಂಥ ಪೂಜೆ ಎಂದುಕೊಂಡೆ. ತನ್ನ ಕೈಕೆಲಸಕ್ಕೆ ತಾನೇ ನಮಸ್ಕಾರ ಮಾಡಿಕೊಳ್ಳುವಷ್ಟು ಕೊಬ್ಬು ಬಂತೇ ಎಂದು ಇನ್ನಷ್ಟು ಉರಿಯಿತು.

ಮೂರನೆಯದು ಹಂಪಾಪುರ ಹೋಬಳಿಯ ಒಂದು ಹಳ್ಳಿ. ಇನ್ನೂರಕ್ಕೂ ಹೆಚ್ಚು ರಾಸು. ಪಕ್ಕದೂರಿನಲ್ಲಿ ಆಗಲೇ ರೋಗ ಕಂಡಿತ್ತು. ಹಿಂದಿನ ಸಂಜೆ ವೀರಾಚಾರಿಯನ್ನು ಕರೆದು, “ನಾಳೆ ನೀನು ಸರಗೂರಿಗೆ ಹೋಗಿ, ದನದ ಸಂತೆ ಮುಚ್ಚಿದೆಯೋ ಇಲ್ಲವೋ ನೋಡಿಕೊಂಡು ಬಾ. ಹಂಪಾಪುರದ ಕಡೆ ನಾನೇ ಗಾಡಿ ಹೊಡೆಯುತ್ತೇನೆ” ಎಂದೆ.

ಅವನು ಗಾಡಿಯ ಕಡೆ ನೋಡಿ, “ತುಂಬೋದು ನಾನೇ ತುಂಬಿಕೊಟ್ಟು ಹೋಗ್ಲಾ ಸಾರ್?” ಎಂದ.

“ನನಗೆ ಪೆಟ್ಟಿಗೆ ತುಂಬಲೂ ಬರುವುದಿಲ್ಲ ಅಂದುಕೊಂಡೆಯಾ?”

ಬೆಳಿಗ್ಗೆ ನಾನೇ ತುಂಬಿದೆ. ಅಧಿಕಾರಿಯಾಗಿ ಹೋಗುವವನು ಕಲ್ಲಿನ ಮೇಲೆ ಕೂರಬೇಕೆ? ನನ್ನ ಮಡಿಚುವ ಕುರ್ಚಿ, ಕೋಟು, ಕೊಡೆ, ನೀರಿನ ಫ್ಲಾಸ್ಕು ಎಲ್ಲವನ್ನೂ ಕೈಗೆ ಸಿಗುವಂತೆ ಪೆಟ್ಟಿಗೆಯ ಮುಂಭಾಗದಲ್ಲಿಟ್ಟೆ. ಸೀಸೆಗಳು, ಸ್ಟವ್ವು, ಪಾತ್ರೆ ಹಿಂದಕ್ಕೆ ಹೋದವು. ಮೂಕಿಯನ್ನು ಮುಟ್ಟುವ ಪೂಜೆಯನ್ನು ಬೇಕೆಂದೇ ಬಿಟ್ಟೆ.

ಮೊದಲ ಏರಿನಲ್ಲೇ ಸೈಕಲ್ಲಿನ ಹಿಂದಿನ ಚಕ್ರ ಮಣ್ಣಿನಲ್ಲಿ ಹಿಡಿತ ತಪ್ಪಿ ತಿರುಗತೊಡಗಿತು. ಯಾರೋ ಸೀಟನ್ನು ಹಿಡಿದು ಮೇಲಕ್ಕೆತ್ತುತ್ತಿರುವಂತೆ ಭಾಸವಾಯಿತು. ಇಳಿದು ತಳ್ಳಿದೆ. ಆಗಲಾದರೂ ನಿಂತು ಯೋಚಿಸಬಹುದಿತ್ತು. ಹಂಪಾಪುರ ದಾಟಿ ಹಳ್ಳಿಯ ಕಡೆಗೆ ಇಳಿಜಾರು. ಊರ ಮುಂದಿನ ಗುಂಡುತೋಪಿನಲ್ಲಿ ಜನ ದನ ಕಟ್ಟಿಕೊಂಡು ಕಾಯುತ್ತಿರುವುದು ದೂರದಿಂದಲೇ ಕಂಡಿತು. ಠೀವಿಯಿಂದ ಹೋಗಿ ಇಳಿಯೋಣವೆಂದು ಬ್ರೇಕು ಬಿಟ್ಟೆ. ಗಾಡಿ ಹಸುವಿನ ಬಾಲದಂತೆ ಆ ಕಡೆ ಈ ಕಡೆ ಬೀಸತೊಡಗಿತು. ಮೂರನೆಯ ಬೀಸಿಗೆ ಮಗುಚಿ, ನನ್ನನ್ನೂ ಸೈಕಲ್ಲನ್ನೂ ಎಳೆದುಕೊಂಡು ಬೇಲಿಗೆ ಬಿತ್ತು. ಇಪ್ಪತ್ತನಾಲ್ಕು ಸೀಸೆಯಲ್ಲಿ ಉಳಿದದ್ದು ಹತ್ತು. ಕುರ್ಚಿಗೆ ಏನೂ ಆಗಿರಲಿಲ್ಲ.

ಜನ ಓಡಿಬಂದು ನನ್ನನ್ನು ಎತ್ತಿದರು. “ಗಾಡಿ ಮುರೀತು, ಗಾಡಿ ಮುರೀತು” ಎಂದು ಅವರೇ ಹೇಳಿಕೊಂಡರು. ನಾನು ಅಲ್ಲ ಎನ್ನಲಿಲ್ಲ. ಹತ್ತು ಸೀಸೆ ಎಂದರೆ ನೂರು ರಾಸಿಗೂ ಸಾಲದು ಎಂದು ಗೊತ್ತಿದ್ದವನು ನಾನೊಬ್ಬನೇ. ಮಂಡಿಯ ರಕ್ತ ಒರೆಸಿಕೊಂಡು ಕೆಲಸಕ್ಕೆ ಇಳಿದೆ. ಸಾಲಿನಲ್ಲಿ ಮೂರನೆಯವಳು ತಾಯಮ್ಮ ಎಂಬ ಹೆಂಗಸು. ಗಂಡ ತೀರಿಕೊಂಡಿದ್ದ. ಅವಳ ಬದುಕೆಲ್ಲ ಒಂದು ಜೋಡಿ ಎತ್ತಿನ ಮೇಲೆ. ಆ ಜೋಡಿಯನ್ನು ಊರವರ ಉಳುಮೆಗೆ ಕೊಟ್ಟು, ಮುಯ್ಯಿಗೆ ಅವರಿಂದ ತನ್ನ ಹೊಲದ ಉಳುಮೆ ಮಾಡಿಸಿಕೊಳ್ಳುತ್ತಿದ್ದಳು. ಅವಳು ನನ್ನ ಮುಖ ನೋಡಿ, ಹಿಂದೆ ಖಾಲಿ ದಾರಿ ನೋಡಿ ಕೇಳಿದಳು:

“ಆಚಾರ್ರು ಬರ್ನಿಲ್ವಾ ಬುದ್ಧಿ? ಅವ್ರ ಕೈಲೇ ಆಕ್ಸಾನ ಅಂತಿದ್ದೆ. ಅವ್ರ ಕೈಗುಣ ಸಂದಾಗದೆ ಅಂತಾರೆ.”

ನಾನು ಸಿರಿಂಜನ್ನು ಕೆಳಗಿಟ್ಟೆ. “ಹಾಗಾದರೆ ಆಚಾರಿ ಬರುವವರೆಗೆ ಕಾಯಿ. ಎತ್ತು ಹಿಂದಕ್ಕೆ ಕಟ್ಟು” ಎಂದೆ.

“ಅಯ್ಯೋ, ಮಾತ್ಗಂದೆ ಬುದ್ಧಿ...”

“ಹಿಂದಕ್ಕೆ ಕಟ್ಟು ಅಂದೆನಲ್ಲ.”

ಅವಳು ಜೋಡಿಯನ್ನು ಹಿಡಿದುಕೊಂಡು ಸಾಲಿನ ಕೊನೆಗೆ ಹೋದಳು. ಸೀರಂ ಅಲ್ಲಿಯವರೆಗೆ ಮುಟ್ಟುವುದಿಲ್ಲವೆಂದು ಗೊತ್ತಿದ್ದೇ ನಾನು ಆ ಮಾತು ಆಡಿದ್ದು. ಇದನ್ನು ಯಾವ ವಿವರಣೆಯಿಂದಲೂ ಹಗುರ ಮಾಡಲಾರೆ. ಮಧ್ಯಾಹ್ನ ಎರಡರ ಹೊತ್ತಿಗೆ ತೊಂಬತ್ತೊಂದನೆಯ ರಾಸಿಗೆ ಕೊನೆಯ ಸೀಸೆ ಬರಿದಾಯಿತು. ಹೆಗ್ಗಡದೇವನಕೋಟೆಗೆ ಆಳು ಕಳಿಸಿ, ಆ ರಾತ್ರಿ ಪಟೇಲರ ಜಗಲಿಯಲ್ಲಿ ಉಳಿದೆ.

ಮರುದಿನ ಬೆಳಿಗ್ಗೆ ವೀರಾಚಾರಿ ನಡೆದುಕೊಂಡೇ ಬಂದ. ಮೊದಲು ನನ್ನ ಮಂಡಿಗೆ ಔಷಧ ಹಚ್ಚಿದ. ಆಮೇಲೆ ಗಾಡಿಯ ಹತ್ತಿರ ಕೂತು ಪೆಟ್ಟಿಗೆಯೊಳಗೆ ನೋಡಿದ. ಗಾಜಿನ ಚೂರು, ಸೀರಂ ಹೀರಿದ ಹುಲ್ಲು ಎಲ್ಲ ಹಿಂದುಗಡೆಯೇ. ತಗ್ಗಿದ ದನಿಯಲ್ಲಿ, “ಕುರ್ಚಿ ಮುಂದಿಟ್ಟಿದ್ರಾ ಸಾರ್?” ಎಂದ.

ಅವನು ಎರಡು ಬೆರಳಿನಿಂದ ಮೂಕಿ ಎತ್ತಿ ತೋರಿಸಿದ. “ಬೆರಳಿನ ಮೇಲೆ ಒಂಚೂರು ಭಾರ ಕೂತ್ಕೋಬೇಕು ಸಾರ್. ತೇಲಿದ್ರೆ ಹಿಂಭಾರ ಅಂತ ಅರ್ಥ. ಎತ್ತಿನಗಾಡಿಯವ್ರೂ ನೊಗ ಹೂಡೋಕೆ ಮುಂಚೆ ಹಿಂಗೇ ನೋಡ್ತಾರೆ.”

ನಾನು ಪೂಜೆ ಎಂದುಕೊಂಡದ್ದು ಇದನ್ನು. ತಾಲ್ಲೂಕಿನ ಯಾವ ಗಾಡಿ ಹೊಡೆಯುವವನನ್ನು ಕೇಳಿದ್ದರೂ ಹೇಳುತ್ತಿದ್ದ.

ಅಷ್ಟರಲ್ಲಿ ಪಟೇಲರು ಬಂದವರೇ ಅವನ ಮೇಲೆ ಹರಿಹಾಯ್ದರು. “ಈ ಆಟದ ಸಾಮಾನ ಕಟ್ಕೊಟ್ಟು ನಮ್ಮೂರ್ನೇ ಕೆಡಿಸ್ಬುಟ್ಯಲ್ಲಯ್ಯ ಆಚಾರಿ! ಅರ್ಧ ಊರಿಗೆ ಔಸ್ದಿ ಇಲ್ಲ!”

ವೀರಾಚಾರಿ ನನ್ನ ಕಡೆ ನೋಡಲೂ ಇಲ್ಲ. “ನಾಳೆ ಒತ್ತಾರೆ ಒಳಗೆ ತತ್ತೀನಿ ಪಟೇಲ್ರೆ” ಎಂದವನು ಬಾಗಿದ ಚಕ್ರವನ್ನು ಕಾಲಲ್ಲಿ ಒತ್ತಿ ಸರಿಮಾಡಿ, ಮೂಕಿಯನ್ನು ಹಗ್ಗದಿಂದ ಸೈಕಲ್ಲಿಗೆ ಬಿಗಿದು ಹೊರಟ. ಮೈಸೂರಿನ ದಾಸ್ತಾನು ಮುಗಿದಿತ್ತು. ಮೀಸಲಿಟ್ಟ ಸೀರಂ ಇದ್ದದ್ದು ಹುಣಸೂರಿನಲ್ಲಿ. ನಾನು ಸಿರಿಂಜು ಒರೆಸುತ್ತ ತಲೆ ತಗ್ಗಿಸಿಕೊಂಡಿದ್ದೆ. ನಿನ್ನೆಯೇ ಒರೆಸಿಟ್ಟ ಸಿರಿಂಜು ಅದು.

ಹೇಳಿದಂತೆ ಮರುದಿನ ಹೊತ್ತು ಏರುವ ಮುಂಚೆ ಅವನು ಬಂದ. ಪೆಟ್ಟಿಗೆಯಲ್ಲಿ ಹದಿನಾಲ್ಕು ಸೀಸೆ, ಒಂದಕ್ಕೂ ಬಿರುಕಿಲ್ಲ. ಉಳಿದ ರಾಸುಗಳಿಗೆಲ್ಲ ಇಬ್ಬರೂ ಸೇರಿ ಚುಚ್ಚಿದೆವು. ಆದರೆ ಆ ಬೆಳಿಗ್ಗೆ ತಾಯಮ್ಮನ ಎಡದ ಎತ್ತು ಮೇವು ಬಿಟ್ಟಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬಲದ ಎತ್ತು ಉಳಿಯಿತು. ಎಡದ್ದು ಆರನೆಯ ದಿನ ಸತ್ತಿತು. ಮೊದಲ ದಿನವೇ ಸೀರಂ ಕೊಟ್ಟಿದ್ದರೆ ಬದುಕುತ್ತಿತ್ತು ಎಂದು ಖಂಡಿತವಾಗಿ ಹೇಳಲಾರೆ. ಬದುಕುತ್ತಿರಲಿಲ್ಲ ಎಂದೂ ಹೇಳಲಾರೆ. ಒಂಟಿ ಎತ್ತಿನವಳ ಜೊತೆ ಮುಯ್ಯಿ ಯಾರು ಮಾಡುತ್ತಾರೆ?

ಕೋಟೆಗೆ ಮರಳಿ ಮೇಲಧಿಕಾರಿಗೆ ವರದಿ ಬರೆದೆ. ‘ಕಾಂಪೌಂಡರನು ಮಂಜೂರಾತಿಯಿಲ್ಲದೆ ತಯಾರಿಸಿದ ವಾಹನದ ದೋಷದಿಂದ ಹದಿಮೂರು ಸೀಸೆಗಳು ನಷ್ಟವಾದವು’ ಎಂದಿತ್ತು ಅದರಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆ ದನದ ಡಾಕ್ಟರಿಗೇ ಇಷ್ಟು ಚೆನ್ನಾಗಿ ಒಪ್ಪೀತೆಂದು ಯಾರು ಕಂಡಿದ್ದರು! ಅದನ್ನು ನಕಲು ಮಾಡಬೇಕಾದವನು ವೀರಾಚಾರಿಯೇ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಅವನ ಲೇಖನಿ ನಡುವೆ ಒಮ್ಮೆ ನಿಂತು, ಮತ್ತೆ ಓಡಿತು. ಬರೆದು ತಂದು ನನ್ನ ಮುಂದಿಟ್ಟು, “ಒಂದು ತಪ್ಪಿತ್ತು, ತಿದ್ದಿದ್ದೀನಿ ಸಾರ್” ಎಂದ.

“ಏನು ತಪ್ಪು?”

“ಹದಿಮೂರಲ್ಲ ಸಾರ್, ಹದಿನಾಲ್ಕು.”

ಅಷ್ಟೇ. ಅವನ ಮುತ್ತಿನಂಥ ಅಕ್ಷರದಲ್ಲಿ ಅವನ ಮೇಲಿನ ದೂರು ಹಾಗೆಯೇ ಇತ್ತು, ಒಂದು ಕೊಂಬೂ ಬದಲಾಗಿರಲಿಲ್ಲ. ಸಹಿ ಮಾಡಲು ಎತ್ತಿದ ಕೈ ಅಲ್ಲೇ ನಿಂತಿತು. ಅವನು ಹೋದ ಮೇಲೆ ಆ ಹಾಳೆ ಹರಿದು, ಬೇರೊಂದನ್ನು ನಾನೇ ಬರೆದೆ. ಗಾಡಿಯಲ್ಲಿ ದೋಷವಿರಲಿಲ್ಲ, ತುಂಬಿದವನು ನಾನು, ತುಂಬಲು ಬಾರದವನೂ ನಾನು ಎಂದು. ಪಟೇಲರಿಗೂ ಅದನ್ನೇ ಕಾಗದದಲ್ಲಿ ಬರೆದು ಕಳಿಸಿದೆ.

ತಿಂಗಳ ಮೇಲೆ ಉತ್ತರ ಬಂತು. ನನಗೆ ಒಂದು ಮೆಮೊ. ವೀರಾಚಾರಿಯ ಹೆಸರಿಗೆ ಪ್ರಶಂಸಾ ಪತ್ರ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳಿಗೂ ಅಂಥದೇ ಗಾಡಿ ಮಾಡಿಕೊಡಬೇಕೆಂದು ಆಜ್ಞೆ. ಪತ್ರವನ್ನು ನಾನೇ ಓದಿ ಹೇಳಿದೆ. ಪಶ್ಚಾತ್ತಾಪ ಪಟ್ಟವನಿಗೆ ಹೊಟ್ಟೆಕಿಚ್ಚು ಆರಿಹೋಗುತ್ತದೆ ಎಂದು ನೀವು ತಿಳಿದಿದ್ದರೆ, ಇಲ್ಲ. ಓದುವಾಗ ಒಳಗೆ ಚುರುಚುರು ಎನ್ನುತ್ತಲೇ ಇತ್ತು. ಮೊದಲು ಅವನ ಕೈಗುಣಕ್ಕೆ ಉರಿಯುತ್ತಿದ್ದವನು ಈಗ ಅವನ ಒಳ್ಳೆಯತನಕ್ಕೂ ಉರಿಯತೊಡಗಿದ್ದೆ.

ವರದಿಯಲ್ಲಿ ಬರೆಯದೆ ಉಳಿದದ್ದು ಒಂದಿತ್ತು. ಮುಂಗಾರು ಬಿದ್ದ ಮೇಲೆ ಒಬ್ಬನೇ ಆ ಹಳ್ಳಿಗೆ ಹೋದೆ. ಎಲ್ಲರ ಹೊಲದಲ್ಲೂ ನೇಗಿಲು ಹೂಡಿದ್ದರು. ತಾಯಮ್ಮ ತನ್ನ ಹೊಲದ ಬದುವಿನ ಮೇಲೆ ಬಲದ ಎತ್ತನ್ನು ಹಿಡಿದುಕೊಂಡು, ಯಾರಾದರೂ ಕೆಲಸ ಮುಗಿಸಿ ಒಂದು ಎತ್ತು ಕೊಡುತ್ತಾರೇನೋ ಎಂದು ಕಾಯುತ್ತಿದ್ದಳು. ಹತ್ತಿರ ಹೋಗಿ, ನಿನ್ನನ್ನು ಹಿಂದಕ್ಕೆ ಕಳಿಸಿದ್ದು ಬೇಕೆಂದೇ ಮಾಡಿದ್ದು ಎಂದೆ. ಔಷಧ ಮುಟ್ಟುವುದಿಲ್ಲವೆಂದು ಆಗಲೇ ಗೊತ್ತಿತ್ತು ಎಂದೂ ಹೇಳಿದೆ.

“ಗೊತ್ತಿತ್ತು ಕಣ್ ಬುಡಿ ಬುದ್ಧಿ” ಎಂದಳು. “ಆಚಾರ್ರ ಹೆಸ್ರು ಎತ್ತಿದ್ ಕೂಡ್ಲೆ ನಿಮ್ ಮೊಕ ನೋಡ್ದೆ. ಆಗ್ಲೇ ಗೊತ್ತಾಯ್ತು.”

“ಗೊತ್ತಿದ್ದೂ ಯಾಕೆ ಜಗಳ ಮಾಡಲಿಲ್ಲ? ನಾಲ್ಕು ಜನಕ್ಕೆ ಯಾಕೆ ಹೇಳಲಿಲ್ಲ?”

ಅವಳು ನನ್ನನ್ನೇ ನೋಡಿದಳು. ಕೋಪವೇನೂ ಇರಲಿಲ್ಲ. “ಎಂಗ್ ಯೋಳ್ಲಿ ಬುದ್ಧಿ? ಇನ್ನೊಂದು ಎತ್ತು ಉಳೀಬೇಕಿತ್ತಲ್ಲ. ಸೂಜಿ ನಿಮ್ ಕೈಲಿತ್ತು.”

ಆಮೇಲೆ ಇಪ್ಪತ್ತೆಂಟು ವರ್ಷ ನೌಕರಿ ಮಾಡಿದೆ. ಎಷ್ಟೋ ರೋಗ, ಎಷ್ಟೋ ಊರು. ಎಲ್ಲಿ ಸಾಲು ನಿಂತರೂ ನಾನು ಪೆಟ್ಟಿಗೆ ಎತ್ತಿಕೊಂಡು ನೇರ ಕೊನೆಗೆ ನಡೆದು, ಅಲ್ಲಿಂದ ಸೂಜಿ ಹಾಕಲು ಶುರುಮಾಡುತ್ತಿದ್ದೆ. ಮುಂದೆ ನಿಂತ ಪಟೇಲರು, ಶಾನುಭೋಗರು ಗೊಣಗುತ್ತಿದ್ದರು. ಡಾಕ್ಟರಿಗೆ ಸ್ವಲ್ಪ ತಿಕ್ಕಲು ಎಂದು ಕಾಂಪೌಂಡರುಗಳು ಹೇಳಿಕೊಳ್ಳುತ್ತಿದ್ದರಂತೆ. ಕೊನೆಯಲ್ಲಿ ನಿಂತವರು ಯಾಕೆ ಕೊನೆಯಲ್ಲಿದ್ದಾರೆ ಎಂದು ನಾನು ಯಾರನ್ನೂ ಕೇಳುತ್ತಿರಲಿಲ್ಲ.