ಮನೆಗಾಡಿಗೆ ನೀರು ಬಿಟ್ಟವರು

ಮೊನ್ನೆ ತಿ. ನರಸೀಪುರದ ಬಂಕೊಂದರಲ್ಲಿ ಕಾರಿಗೆ ಡೀಸೆಲ್ ಹಾಕಿಸಲು ನಿಂತಿದ್ದೆ. ಪೈಪು ಹಿಡಿದಿದ್ದ ಹೆಂಗಸು ಬಂಕಿನವರೆಲ್ಲ ಹೇಳುವ ಮಾತನ್ನೇ ಹೇಳಿದಳು: "ಜೀರೋ ನೋಡ್ಕಳಿ ಸಾ." ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಮ್ಮ ಮಾವ ಬಂದು ನಿಂತರು. ನಿಜವಾಗಿ ಅಲ್ಲ, ನೆನಪಿನಲ್ಲಿ. ನಿಜವಾಗಿ ಬಂದಿದ್ದರೆ ಅದು ಅಸಲಿ ಜೀರೋ ಹೌದೋ ಅಲ್ಲವೋ ಎಂದು ಮೊದಲು ವಿಚಾರಿಸುತ್ತಿದ್ದರು.

ಮಾವ ಎಂದರೆ ನಮ್ಮಮ್ಮನ ತಮ್ಮ. ಮನೆ ನಂಜನಗೂಡಿನಲ್ಲಿ, ಕೆಲಸ ನಾಲೆ ಆಫೀಸಿನಲ್ಲಿ. ನಾಲೆಗೆ ಯಾವಾಗ ನೀರು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ನೋಡಿಕೊಳ್ಳುವ ಕೆಲಸ ಅದು. ತೂಬು ಎತ್ತಿ ನೀರು ಕದಿಯುವವರನ್ನು ಹಿಡಿಯುತ್ತ ಹಿಡಿಯುತ್ತ ಅನುಮಾನವೆನ್ನುವುದು ಅವರಿಗೆ ಸಂಬಳದ ಜೊತೆಗಿನ ಭತ್ಯೆಯಾಗಿಬಿಟ್ಟಿತು. ರಿಟೈರಾದಾಗ ಸಂಬಳ ನಿಂತಿತು, ಭತ್ಯೆ ನಿಲ್ಲಲಿಲ್ಲ. ನಂಜನಗೂಡಿನಲ್ಲೇ ಹುಟ್ಟಿ ಬೆಳೆದವರು, ಯಾರಾದರೂ ರಸಬಾಳೆ ತಂದುಕೊಟ್ಟರೆ "ಇದು ರಸಬಾಳೆ ಅಂತ ನಿಂಗ್ಯಾರ್ ಯೋಳಿದ್ದು?" ಎನ್ನುತ್ತಿದ್ದರು. ಹಬ್ಬಕ್ಕೆ ನಾನು ಕಾಲಿಗೆ ಬಿದ್ದರೂ ಇವನು ಯಾಕೆ ಬಿದ್ದ ಎಂದು ಯೋಚಿಸುವವರು. ಈ ಲೋಕದಲ್ಲಿ ಅವರ ಅನುಮಾನಕ್ಕೆ ಸಿಗದೆ ಉಳಿದವರು ಇಬ್ಬರೇ. ಒಬ್ಬರು ಅತ್ತೆ. ಇನ್ನೊಬ್ಬರು ಪುಟ್ಟಸ್ವಾಮಿ, ಒಂದೇ ಸ್ಲೇಟಿನಲ್ಲಿ ಅಕ್ಷರ ತಿದ್ದಿದ ಗೆಳೆಯರು, ತಾಂಡವಪುರದ ಹತ್ತಿರ ಸಣ್ಣದೊಂದು ಬಂಕ್ ಇಟ್ಟಿದ್ದರು.

ರಿಟೈರಾದ ಮೇಲೆ ಮಾವ ಹಳೆಯ ಡೀಸೆಲ್ ವ್ಯಾನೊಂದನ್ನು ಕೊಂಡು, ಸೀಟು ಕೀಳಿಸಿ, ಒಳಗೆ ಮನೆ ಮಾಡಿಸಿದರು. ಒಲೆ, ಸಿಂಕು, ಮಡಚುವ ಮೂರು ಮಂಚ. ಮೂರನೆಯದು ಪುಟ್ಟಸ್ವಾಮಿಗೆ. ಮೂವರೂ ರಾಮೇಶ್ವರಕ್ಕೆ ಹೋಗಿಬರುವುದೆಂದು ಮಾತಾಗಿತ್ತು. ಬೀದಿಯವರು ಅದನ್ನು ಮನೆಗಾಡಿ ಎಂದು ಕರೆದರು. ಕರೆದದ್ದು ಹೊಗಳಿಕೆಯೋ ಗೇಲಿಯೋ ಎಂದು ಮಾವನಿಗೆ ಕೊನೆಯವರೆಗೂ ಅನುಮಾನವಿತ್ತು.

ಮೆಕ್ಯಾನಿಕ್ಕು ಡೀಸೆಲ್ ಫಿಲ್ಟರಿನ ಕೆಳಗೆ ಒಂದು ಗಾಜಿನ ಬಟ್ಟಲು ಕೂರಿಸಿದ. ಡೀಸೆಲ್ಲಿನಲ್ಲಿ ನೀರು ಸೇರಿದ್ದರೆ ಅದು ಬಂದು ಬಟ್ಟಲಿನ ತಳದಲ್ಲಿ ನಿಲ್ಲುತ್ತದೆ. ತಿರುಪು ಸಡಿಲಿಸಿದರೆ ಹೊರಗೆ ಹೋಗುತ್ತದೆ. ಕೈ ಒರೆಸಿಕೊಳ್ಳುತ್ತ, ಮಾವ ಅತ್ತೆ ಇಬ್ಬರಿಗೂ ಕೇಳುವಂತೆ ಹೇಳಿದ: "ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಕ್ ಮುಂಚೆ ನೀರ್ ಬುಡಿ ಸಾ. ಮರೀಬ್ಯಾಡಿ, ಇಂಜಿನ್ನೇ ಓಯ್ತದೆ."

ಒಂದು ವಾರ ಕಳೆಯುವುದರೊಳಗೆ ಗಾಡಿ ಕೆಮ್ಮತೊಡಗಿತು. ಮಾವ ಬಗ್ಗಿ ನೋಡಿದರೆ ಬಟ್ಟಲಿನ ತುಂಬ ನೀರು. ತಿರುಪು ಬಿಚ್ಚಿ ಹೊರಗೆ ಹರಿಸಿದರು. ಮಾರನೆಯ ಬೆಳಿಗ್ಗೆ ಮತ್ತೆ ನೀರು! ಯಾರೋ ಬೇಕೆಂದೇ ಮಾಡುತ್ತಿದ್ದಾರೆ ಎಂದು ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿ, ಬೀಗದ ಕೈಯನ್ನು ಅತ್ತೆಯ ಸೆರಗಿನ ತುದಿಗೆ ತಾವೇ ಗಂಟು ಹಾಕಿದರು. ಆಮೇಲೂ ನೀರು ನಿಲ್ಲಲಿಲ್ಲ. ಬೀಗ ಹಾಕಿದ ಮೇಲೂ ನೀರಿದೆಯೆಂದರೆ ಅದು ಡೀಸೆಲ್ಲಿನ ಜೊತೆಗೇ ಬರುತ್ತಿರಬೇಕು ತಾನೆ? ಮಾವನ ತರ್ಕದಲ್ಲಿ ಎಲ್ಲಿಯೂ ತೂತಿರಲಿಲ್ಲ. ರಜೆಗೆ ಬಂದಿದ್ದ ನಾನೂ ತಲೆದೂಗಿದೆ.

ಆ ನೀರನ್ನು ಬಾಟಲಿಗೆ ಹಿಡಿದು, ಗಾಡಿಗೆ ಡೀಸೆಲ್ ಹಾಕಿಸುತ್ತಿದ್ದ ಪುಟ್ಟಸ್ವಾಮಿಯ ಬಂಕಿಗೆ ಹೋದೆವು. ಗಿರಾಕಿಗಳ ಎದುರಿಗೇ ಮಾವ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದರು.

"ಏನಯ್ಯಾ ಇದು?"

ಪುಟ್ಟಸ್ವಾಮಿ ಬಾಟಲಿ ನೋಡಲಿಲ್ಲ, ಮಾವನ ಮುಖ ನೋಡಿದರು. "ನನ್ನ ನಂಬಕಿಲ್ವಾ ನೀನು?"

"ಬಾಟ್ಲಿ ಯೋಳ್ತಾ ಅದಲ್ಲಯ್ಯ."

"ಸರಿ ಬುಡು. ಬಾಟ್ಲಿ ಯೋಳಿದ್ ಕಡೆನೇ ಆಕುಸ್ಕೋ ಓಗು."

ಮನೆಯಲ್ಲಿ, ಪುಟ್ಟಸ್ವಾಮಿಯ ಜೊತೆ ಜಗಳವಾಯಿತೆಂದಷ್ಟೇ ಕೇಳಿ ಅತ್ತೆ ಕಣ್ಣೀರು ಹಾಕಿದರು. "ಇಷ್ಟ್ ವರ್ಷದ ಸ್ನೇಹಕ್ಕೆ ಎಳ್ಳುನೀರ್ ಬುಟ್‌ಬುಟ್ರಲ್ಲ." ಮಾವ ಗಾಡಿಗೆ ಹತ್ತಿ ಮೂರನೆಯ ಮಂಚವನ್ನು ಮಡಚಿ ಗೋಡೆಗೆ ಕಟ್ಟಿದರು.

ಆಮೇಲೆ ಪರೀಕ್ಷೆಗೆಂದು ಅತ್ತೆಯನ್ನೂ ನನ್ನನ್ನೂ ಕೂರಿಸಿಕೊಂಡು ನರಸೀಪುರಕ್ಕೆ ಹೋಗಿ, ಬೇರೆ ಬಂಕಿನಲ್ಲಿ, ಬಾಟಲಿಗೆ ಹಿಡಿದು ಬಿಸಿಲಿಗೊಡ್ಡಿ ನೋಡಿಯೇ ಡೀಸೆಲ್ ಹಾಕಿಸಿದರು. ಹೊಳೆಯ ಹತ್ತಿರ ಗಾಡಿ ನಿಲ್ಲಿಸಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಮತ್ತೆ ಅದೇ ಕತೆ. ಈಗ ಉಳಿದವನು ನಾನೊಬ್ಬನೇ. "ನೀನ್ಯಾಕ್ಲಾ ಯಾವಾಗ್ಲೂ ಗಾಡಿ ಸುತ್ತ ಸುತ್ತತಿದ್ದೀಯ?" ಎಂದರು. ಸುತ್ತದೆ ಏನು ಮಾಡಲಿ, ನಾನು ಮಲಗುವುದೂ ಅದರೊಳಗೇ ಅಲ್ಲವೆ? ನನಗೆ ತುಂಬಾ ನೋವಾಯಿತು.

ಕಳ್ಳನನ್ನು ನಾನೇ ಹಿಡಿದುಕೊಡುತ್ತೇನೆಂದು ಮರುದಿನ ಬೆಳಕು ಹರಿಯುವಾಗಲೇ ಎದ್ದು ಮರದ ಹಿಂದೆ ಕುಳಿತೆ. ಅತ್ತೆ ಹೊಳೆಯಲ್ಲಿ ಮಿಂದು ಬಂದರು. ಕೈಯಲ್ಲಿ ಒಂದು ಲೋಟ. ಸೆರಗಿನ ಗಂಟು ಬಿಚ್ಚಿ, ಬೀಗ ತೆಗೆದು, ಲೋಟದ ನೀರನ್ನು ಟ್ಯಾಂಕಿಗೆ ನಿಧಾನವಾಗಿ ಹೊಯ್ದು, ಕೈ ಮುಗಿದರು.

"ಅತ್ತೆ, ಇದೇನು?"

"ಮೆಕ್ಯಾನಿಕ್ಕು ಯೋಳಿರ್ನಿಲ್ವಾ ಮಗ, ದಿನಾ ಬೆಳಗ್ಗೆ ನೀರ್ ಬುಡಿ ಅಂತ. ನಿಮ್ಮಾವ ಒಂದ್ ದಿನಾನೂ ಲೋಟ ಇಡ್ದಿದ್ ನಾ ಕಾಣೆ. ಬೀಗದ ಕೈನೂ ನಂಗೇ ಕೊಟ್ರಲ್ಲ, ಅದ್ಕೇ ಅಂದ್ಕಂಡೆ. ಮರೀದಂಗೆ ಬುಡ್ತಾವ್ನಿ."

ನಾಲೆಗೆ ನೀರು ಬಿಡುವವರ ಮನೆ ಅದು. ಆ ಮನೆಯಲ್ಲಿ ನೀರು ಬಿಡುವುದೆಂದರೆ ಒಳಗೆ ಹರಿಸುವುದು. ಹೊರಗೆ ಹರಿಸಿದರೆ ಅದು ಪೋಲು. ಅತ್ತೆ ಬೇರೆ ಏನು ತಿಳಿದುಕೊಳ್ಳಬೇಕಿತ್ತು? ನಗುವುದೋ ಅಳುವುದೋ ತಿಳಿಯದೆ ತಿರುಗಿದರೆ, ಹಿಂದೆ ಮಾವ ನಿಂತಿದ್ದರು. ನಾನು ಕಳ್ಳನನ್ನು ಕಾಯುತ್ತಿದ್ದರೆ ಅವರು ನನ್ನನ್ನು ಕಾಯುತ್ತಿದ್ದರು.

ಕೂಗಾಡುತ್ತಾರೆ ಎಂದುಕೊಂಡೆ. "ಸಾಕು ಬುಡು, ನಾಳೆಯಿಂದ ನಾನೇ ನೋಡ್ಕತೀನಿ" ಎಂದು ಅತ್ತೆಯ ಕೈಯಿಂದ ಲೋಟ ತೆಗೆದುಕೊಂಡರು. ಅತ್ತೆ ಆಚೆ ಹೋದ ಮೇಲೆ ಮಾವ ನನ್ನ ತೋಳು ಹಿಡಿದರು. "ಅವ್ಳಿಗ್ ಯೋಳ್ಬ್ಯಾಡ ಕಣ್ಲಾ. ಪುಟ್ಟಸ್ವಾಮಿ ಬುಟ್ಟೋಗಿದ್ದು ತನ್ನಿಂದ ಅಂತ ತಿಳುದ್ರೆ ಊಟ ಬುಡ್ತಾಳೆ."

ಟ್ಯಾಂಕು ತೊಳೆಸಿಕೊಂಡು ನೇರ ತಾಂಡವಪುರಕ್ಕೆ ಹೋದೆವು. ಮಾವ ಗೆಳೆಯನ ಮುಂದೆ ತಲೆ ತಗ್ಗಿಸಿ ನಿಂತರು. "ನೀರ್ ಬುಟ್ಟಿದ್ದು ನಾನೇ ಕಣಯ್ಯ."

"ನೀನು? ನಾಲೆ ಆಫೀಸ್ನೋನು, ಡೀಸೆಲ್‌ಗೆ ನೀನೇ ನೀರ್ ಬುಟ್ಟೆ?" ಪುಟ್ಟಸ್ವಾಮಿ ಮತ್ತೆ ಮಾವನ ಮುಖ ನೋಡಿದರು. ಹುಟ್ಟಿದಾಗಿನಿಂದ ಮಾವ ಹೇಳಿದ ಒಂದೇ ಸುಳ್ಳು ಅದಾಗಿರಬಹುದು. ಪುಟ್ಟಸ್ವಾಮಿ ಅದನ್ನು ನಂಬಲಿಲ್ಲವೆಂದು ನನಗೆ ಗೊತ್ತಾಯಿತು.

ಆದರೂ ರಾಮೇಶ್ವರಕ್ಕೆ ಬಂದರು. ಮೂರನೆಯ ಮಂಚದ ಮೇಲೆ ಮಲಗಿ ಗೊರಕೆ ಹೊಡೆದರಂತೆ. ನಗು, ಇಸ್ಪೀಟು, ಜಗಳ ಎಲ್ಲ ಮೊದಲಿನ ಹಾಗೇ ನಡೆದವು. ಒಂದು ಮಾತ್ರ ಮೊದಲಿನ ಹಾಗಾಗಲಿಲ್ಲ. ಮಾವ ಬಂಕಿಗೆ ಹೋದಾಗಲೆಲ್ಲ ಪುಟ್ಟಸ್ವಾಮಿ ಮೊದಲು ಒಂದು ಬಾಟಲಿಗೆ ಡೀಸೆಲ್ ಹಿಡಿದು ಮಾವನ ಮುಖದ ಮುಂದೆ ಎತ್ತುತ್ತಿದ್ದರು.

"ನೋಡ್ಕ."

"ಬ್ಯಾಡ ಕಣಯ್ಯ."

"ನೋಡ್ಕಪ್ಪ."

ಮಾವ ನೋಡುವತನಕ ಅವರು ಗಾಡಿಗೆ ಪೈಪು ಇಡುತ್ತಿರಲಿಲ್ಲ. ಕೊನೆಯವರೆಗೂ ಹೀಗೇ. ಜೀವನವೆಲ್ಲ ಎಲ್ಲವನ್ನೂ ಅಲ್ಲಾಡಿಸಿ ನೋಡಿದ ಮನುಷ್ಯ ಆ ಒಂದು ಬಾಟಲಿ ನೋಡಲು ಪಡುತ್ತಿದ್ದ ಪಾಡು ನಾನಿನ್ನೂ ಮರೆತಿಲ್ಲ.

ಅದಕ್ಕೇ ಮೊನ್ನೆ ಆ ಹೆಂಗಸು ಜೀರೋ ನೋಡಲು ಹೇಳಿದಾಗ ನಾನು ದೊಡ್ಡ ಮನುಷ್ಯನ ಹಾಗೆ ರಸ್ತೆಯ ಕಡೆ ಮುಖ ತಿರುಗಿಸಿದೆ. "ಹಾಕಮ್ಮ, ಪರವಾಗಿಲ್ಲ" ಎಂದೆ. ಪಂಪಿನ ಸದ್ದೇ ಇಲ್ಲ. ತಿರುಗಿದರೆ ಆಕೆ ಪೈಪು ಹಿಡಿದು ಹಾಗೇ ನಿಂತಿದ್ದಳು.

"ನೋಡ್ಕಬುಡಿ ಸಾ. ಆಮೇಕೆ ನಮ್ಮೇಲೆ ಬತ್ತೀರಿ."

ನೋಡಿದೆ.